ಚದರಡಿಗೆ 5.94 ಡಾಲರ್: ಅಮೆರಿಕದ 179ಡಿ ಕಡಿತದಲ್ಲಿ ನಿಮಗೆ ನಿಜಕ್ಕೂ ಉಳಿಯುವುದೆಷ್ಟು?

ಪ್ರಶ್ನೆ: ಡಲ್ಲಾಸ್ ಹತ್ತಿರ ನಾವು ಮೂವರು ಸ್ನೇಹಿತರು ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿಕೊಂಡು 24,000 ಚದರಡಿಯ ಎರಡು ಮಹಡಿ ಆಫೀಸ್ ಕಟ್ಟಡ ಕಟ್ಟಿಸುತ್ತಿದ್ದೇವೆ. ನಾವಿಬ್ಬರು ಸಾಫ್ಟ್‌ವೇರ್ ಕೆಲಸದವರು, ಮೂರನೆಯವರು ದಂತವೈದ್ಯರು. ಅವರ ಕ್ಲಿನಿಕ್ ಅಲ್ಲೇ ಬರುತ್ತದೆ, ಉಳಿದ ಜಾಗ ಬಾಡಿಗೆಗೆ. 2025ರ ನವೆಂಬರ್‌ನಲ್ಲಿ ಪಾಯ ತೆಗೆದಿದ್ದೇವೆ. 2026ರ ಕೊನೆಗೋ 2027ರ ಶುರುವಿಗೋ ಮುಗಿಯುತ್ತದೆ. ಒಬ್ಬ ಕನ್ಸಲ್ಟೆಂಟ್ ಬಂದು, ‘ಇಂಧನ ಉಳಿಸುವ ಕಟ್ಟಡ, ಚದರಡಿಗೆ 5.94 ಡಾಲರ್‌ನಂತೆ ನಿಮಗೆ 1,42,560 ಡಾಲರ್ ತೆರಿಗೆ ಉಳಿಯುತ್ತದೆ, ಅದರಲ್ಲಿ ಇಂತಿಷ್ಟು ಪರ್ಸೆಂಟ್ ನನ್ನ ಫೀಸು’ ಎಂದರು. ನಂಬಬಹುದೇ? ಜೊತೆಗೆ, ಇಲ್ಲಿನ ಕನ್ನಡ ಸಂಘ 2026ರ ಮೊದಲಲ್ಲಿ ಸ್ವಂತ ಸಭಾಂಗಣದ ಕೆಲಸ ಶುರುಮಾಡಿದೆ. ತೆರಿಗೆಯನ್ನೇ ಕಟ್ಟದ ಸಂಘಕ್ಕೆ ಇದರಿಂದ ಏನಾದರೂ ಸಿಗುತ್ತದೆಯೇ?

ಉತ್ತರ: ಕನ್ಸಲ್ಟೆಂಟ್ ಹೇಳಿದ ದರ ಸುಳ್ಳಲ್ಲ. ಆದರೆ 1,42,560 ತೆರಿಗೆ ಉಳಿತಾಯ ಅನ್ನುವುದು ಅಂಗೈಯಲ್ಲಿ ಅರಮನೆ. ಆ ಮೊತ್ತ ನಿಮ್ಮ ಆದಾಯದಿಂದ ಕಳೆಯುವ ಕಡಿತ, ತೆರಿಗೆಯಿಂದ ಕಳೆಯುವ ಕ್ರೆಡಿಟ್ ಅಲ್ಲ. ಅದೂ ಎಲ್ಲ ಷರತ್ತು ಪೂರ್ತಿ ಪಾಲಿಸಿದವರಿಗೆ ಸಿಗುವ ಗರಿಷ್ಠ. ಅದರಲ್ಲಿ ನಿಮ್ಮ ಪಾಲಿಗೆ ಎಷ್ಟು ಬರುತ್ತದೆ ಎಂಬುದು ನಾಲ್ಕು ಸಂಗತಿಗಳ ಮೇಲೆ ನಿಂತಿದೆ: ಕಟ್ಟಡ ಬಳಕೆಗೆ ಸಿದ್ಧವಾದ ದಿನ, ಕೂಲಿಯ ದಾಖಲೆ, ಎನರ್ಜಿ ಮಾಡೆಲ್‌ನ (ಕಟ್ಟಡದ ಇಂಧನ ಬಳಕೆಯ ಕಂಪ್ಯೂಟರ್ ಲೆಕ್ಕದ) ಫಲಿತಾಂಶ, ಆಮೇಲೆ ಮೂವರು ಪಾಲುದಾರರ ಆದಾಯ ಯಾವ ಬಗೆಯದು ಅನ್ನುವುದು. ಕೊನೆಯದನ್ನು ಯಾವ ಕನ್ಸಲ್ಟೆಂಟೂ ಹೇಳುವುದಿಲ್ಲ. ನಿಮ್ಮ ವಿಷಯದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು.

ಇಂಧನ ಉಳಿಸುವ ವಾಣಿಜ್ಯ ಕಟ್ಟಡಗಳಿಗೆ ಈ ಕಡಿತ ಕೊಡುವ ತೆರಿಗೆ ಕಾನೂನಿನ ಸೆಕ್ಷನ್ 179ಡಿ ಬಂದದ್ದು 2005ರ ಇಂಧನ ನೀತಿ ಕಾಯ್ದೆಯಲ್ಲಿ. ಆಗ ಗರಿಷ್ಠ ಚದರಡಿಗೆ 1.80 ಡಾಲರ್. ಹಲವು ಸಲ ಅವಧಿ ಮುಗಿದು ಮತ್ತೆ ಮುಂದುವರಿದು, 2020ರ ಡಿಸೆಂಬರ್‌ನಲ್ಲಿ ಕಾಯಂ ಆಯಿತು. 2022ರ ಇನ್‌ಫ್ಲೇಷನ್ ರಿಡಕ್ಷನ್ ಆ್ಯಕ್ಟ್ ದರವನ್ನು ಏರಿಸಿ ಕೂಲಿಯ ಷರತ್ತನ್ನು ಅಂಟಿಸಿತು. 2025ರ ಜುಲೈ 4ರಂದು ಸಹಿಯಾದ ಕಾನೂನು ಆ ‘ಕಾಯಂ’ಗೆ ಕೊನೆ ಹಾಡಿತು: 2026ರ ಜೂನ್ 30ರ ನಂತರ ನಿರ್ಮಾಣ ಶುರುವಾದ ಕಟ್ಟಡಕ್ಕೆ ಈ ಕಡಿತ ಇಲ್ಲ. ನೀವು 2025ರ ನವೆಂಬರ್‌ನಲ್ಲೇ ಶುರುಮಾಡಿರುವುದರಿಂದ ಈ ಬಾಗಿಲು ದಾಟಿದ್ದೀರಿ. ಆದರೆ ಅದಕ್ಕೆ ಕಾಗದದ ಸಾಕ್ಷಿ ಇರಲಿ. ನಕ್ಷೆ, ಸಾಲದ ಮಂಜೂರಾತಿ, ಪರ್ಮಿಟ್, ಸರ್ವೆ, ಮಣ್ಣು ಪರೀಕ್ಷೆ, ಸೈಟು ಚೊಕ್ಕ ಮಾಡಿದ್ದು ಇವನ್ನು ಇಂಧನ ತೆರಿಗೆಯ ಇತರ ನಿಯಮಗಳಲ್ಲಿ ನಿರ್ಮಾಣದ ಆರಂಭ ಎಂದು ಎಣಿಸುವುದಿಲ್ಲ. ಪಾಯಕ್ಕೆ ಅಗೆದದ್ದು, ಕಾಂಕ್ರೀಟು ಸುರಿದದ್ದು ಎಣಿಕೆಗೆ ಬರುತ್ತದೆ. ಪಾಯದ ದಿನದ ಗುತ್ತಿಗೆದಾರರ ದಿನಚರಿ, ಕಾಂಕ್ರೀಟ್ ಲಾರಿಯ ಚೀಟಿ, ದಿನಾಂಕ ಇರುವ ಫೋಟೋ ಮೂರನ್ನೂ ಒಂದು ಫೈಲಿನಲ್ಲಿ ಇಟ್ಟುಬಿಡಿ.

ಇನ್ನು ಡಿಸೆಂಬರ್–ಜನವರಿಯ ಮಾತು. ಕಟ್ಟಡ ಮುಗಿಯುವುದು ‘2026ರ ಕೊನೆಗೋ 2027ರ ಶುರುವಿಗೋ’ ಎಂದು ಹಗುರವಾಗಿ ಬರೆದಿದ್ದೀರಿ. ಇಡೀ ಕಡಿತ ಉಳಿಯುವುದೂ ಹೋಗುವುದೂ ಆ ಒಂದು ‘ಓ’ದಲ್ಲಿದೆ. ಹೇಗೆಂದರೆ, ನಿಮ್ಮ ಕಟ್ಟಡ ಎಷ್ಟು ಇಂಧನ ಉಳಿಸುತ್ತದೆ ಎಂದು ಅಳೆಯುವುದು ಕರೆಂಟ್ ಬಿಲ್ಲಿನಿಂದಲ್ಲ. ಅದೇ ಅಳತೆಯ, ಅದೇ ಊರಿನ, ಒಂದು ನಿರ್ದಿಷ್ಟ ಮಾನದಂಡದ ಕನಿಷ್ಠ ಮಟ್ಟಕ್ಕೆ ಕಟ್ಟಿದ ಕಾಲ್ಪನಿಕ ಕಟ್ಟಡವನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿ, ಅದರ ವರ್ಷದ ಇಂಧನ ವೆಚ್ಚದ ಎದುರು ನಿಮ್ಮದನ್ನು ಹೋಲಿಸುತ್ತಾರೆ. ಆ ಮಾನದಂಡ ಆಶ್ರೇ 90.1, ಅಮೆರಿಕದ ಎಸಿ ಎಂಜಿನಿಯರುಗಳ ಸಂಘ ಕಟ್ಟಡಗಳಿಗೆ ಹೊರಡಿಸುವ ಇಂಧನ ಮಾನದಂಡ. ಕಟ್ಟಡ 2027ರ ಜನವರಿ 1ಕ್ಕೆ ಮುಂಚೆ ಬಳಕೆಗೆ ಸಿದ್ಧವಾದರೆ ಹೋಲಿಕೆ 2007ರ ಆವೃತ್ತಿಯ ಜೊತೆ. ಆ ದಿನ ದಾಟಿದರೆ, ನಿರ್ಮಾಣ 2023ಕ್ಕೆ ಮೊದಲೇ ಶುರುವಾಗಿರದಿದ್ದ ಪಕ್ಷದಲ್ಲಿ, 2019ರ ಆವೃತ್ತಿಯ ಜೊತೆ. ನಿಮ್ಮದು 2025ರಲ್ಲಿ ಶುರುವಾದ್ದರಿಂದ ವಿನಾಯಿತಿ ಇಲ್ಲ.

ಎರಡಕ್ಕೂ ಎಷ್ಟು ಅಂತರ? ಬೆಳಕನ್ನೇ ನೋಡಿ. 2007ರ ಆವೃತ್ತಿ ಆಫೀಸ್ ಕಟ್ಟಡಕ್ಕೆ ಚದರಡಿಗೆ 1.0 ವ್ಯಾಟ್ ದೀಪ ಬಿಡುತ್ತಿತ್ತು. 2019ರ ಆವೃತ್ತಿಯಲ್ಲಿ ಅದು 0.64. ಈಗಿನ ಎಲ್‌ಇಡಿ ವಿನ್ಯಾಸದಲ್ಲಿ ನಿಮ್ಮದು 0.55ಕ್ಕೆ ಬಂತು ಅಂದುಕೊಳ್ಳಿ. 24,000 ಚದರಡಿಗೆ ಹಳೆಯ ಲೆಕ್ಕದಲ್ಲಿ 24 ಕಿಲೋವ್ಯಾಟ್, ನಿಮ್ಮದು 13.2. ವರ್ಷಕ್ಕೆ 3,000 ಗಂಟೆ ಉರಿಸಿದರೆ 32,400 ಯೂನಿಟ್ ಉಳಿತಾಯ. ದೀಪದ ಶಾಖ ಕಡಿಮೆಯಾದಷ್ಟು ಎಸಿಯ ಹೊರೆಯೂ ಇಳಿಯುತ್ತದೆ. ಡಲ್ಲಾಸ್‌ನಂಥ ಸೆಕೆಯ ಊರಲ್ಲಿ ಅದು ಸಣ್ಣದಲ್ಲ. ಅದೇ 0.55 ಅನ್ನು 0.64ರ ಎದುರು ಇಟ್ಟರೆ ವ್ಯತ್ಯಾಸ ಬರೀ 2.16 ಕಿಲೋವ್ಯಾಟ್, ವರ್ಷಕ್ಕೆ 6,480 ಯೂನಿಟ್. ಎಲ್‌ಇಡಿ ಹಾಕಿದ್ದರಿಂದ ಸಿಗುತ್ತಿದ್ದ ಮುನ್ನಡೆಯ ಐದರಲ್ಲಿ ನಾಲ್ಕು ಪಾಲು ಮಾಯ. ಕಡಿತಕ್ಕೆ ಬೇಕಾದ ಕನಿಷ್ಠ ಉಳಿತಾಯ ಶೇ 25. ಶೇ 24 ಬಂದರೆ ‘ಸ್ವಲ್ಪ ಕಡಿಮೆ’ ಸಿಗುವುದಿಲ್ಲ, ಸೊನ್ನೆ ಸಿಗುತ್ತದೆ. ಈಗಿನ ನಗರದ ಕೋಡ್‌ಗೆ ತಕ್ಕಂತೆ ಕಟ್ಟಿದ ಸಾಧಾರಣ ಒಳ್ಳೆಯ ಕಟ್ಟಡ 2007ರ ಎದುರು ಶೇ 25 ದಾಟಬಹುದು. 2019ರ ಎದುರು ದಾಟಬೇಕಾದರೆ ಎಸಿ, ಗಾಜು, ಇನ್ಸುಲೇಷನ್ ಎಲ್ಲದರಲ್ಲೂ ಕೈ ಬಿಚ್ಚಬೇಕು.

ಆದ್ದರಿಂದ ನನ್ನ ಸಲಹೆ, ಗುತ್ತಿಗೆದಾರರ ಜೊತೆ ಇವತ್ತೇ ಕೂತು ವೇಳಾಪಟ್ಟಿ ನೋಡಿ. ‘ಬಳಕೆಗೆ ಸಿದ್ಧ’ ಅಂದರೆ ಬಾಡಿಗೆದಾರ ಒಳಗೆ ಬಂದಿರಬೇಕು ಎಂದಲ್ಲ. ಕಟ್ಟಡ ಅದರ ಉದ್ದೇಶಕ್ಕೆ ತಯಾರಾಗಿ, ಬಾಡಿಗೆಗೆ ಕೊಡುವ ಸ್ಥಿತಿಯಲ್ಲಿರಬೇಕು. ರೂಢಿಯಲ್ಲಿ ನಗರಸಭೆಯ ಆಕ್ಯುಪೆನ್ಸಿ ಸರ್ಟಿಫಿಕೇಟಿನ ದಿನವೇ ಬಲವಾದ ಸಾಕ್ಷಿ. ಡಿಸೆಂಬರ್ 29ಕ್ಕೆ ಕೆಳಮಹಡಿಗೆ ಮಾತ್ರ ತಾತ್ಕಾಲಿಕ ಸರ್ಟಿಫಿಕೇಟ್ ಪಡೆದು, ಮೇಲ್ಮಹಡಿಯಲ್ಲಿ ಎಸಿಯನ್ನೇ ಕೂರಿಸದೆ ‘ಮುಗಿದಿದೆ’ ಎಂದರೆ ತಪಾಸಣೆಯಲ್ಲಿ ನಿಲ್ಲುವುದು ಕಷ್ಟ. ನವೆಂಬರ್ ಅಂತ್ಯಕ್ಕೆ ಗುರಿ ಇಟ್ಟುಕೊಳ್ಳಿ. ಎಲೆಕ್ಟ್ರಿಕಲ್ ಸ್ವಿಚ್‌ಗಿಯರ್, ಮಾಳಿಗೆ ಮೇಲಿನ ಎಸಿ ಯೂನಿಟ್ ಇವೆರಡು ತಡವಾಗಿ ಬರುವುದರಲ್ಲಿ ಹೆಸರುವಾಸಿ. ಅವುಗಳ ಆರ್ಡರ್ ಆಗಿದೆಯೇ ಎಂಬುದನ್ನೇ ಮೊದಲು ಕೇಳಿ.

ಈಗ ದರ. 2026ರಲ್ಲಿ ಶುರುವಾಗುವ ತೆರಿಗೆ ವರ್ಷಕ್ಕೆ ಎರಡು ಏಣಿಗಳಿವೆ. ಕೂಲಿಯ ಷರತ್ತು ಪಾಲಿಸದವರದು ಶೇ 25ಕ್ಕೆ ಚದರಡಿಗೆ 0.59 ಡಾಲರ್, ಮೇಲಿನ ಪ್ರತಿ ಶೇ 1ಕ್ಕೆ 2 ಸೆಂಟ್, ಗರಿಷ್ಠ 1.19. ಪಾಲಿಸಿದವರದು 2.97ರಿಂದ ಶುರು, ಪ್ರತಿ ಶೇ 1ಕ್ಕೆ 12 ಸೆಂಟ್, ಗರಿಷ್ಠ 5.94. ನಿಮ್ಮ ಕನ್ಸಲ್ಟೆಂಟ್ ಎರಡನೇ ಏಣಿಯ ತುದಿಯ ಮೆಟ್ಟಿಲನ್ನೇ ತೋರಿಸಿದ್ದಾರೆ. ಅಲ್ಲಿಗೆ ಹತ್ತಲು ಶೇ 50 ಉಳಿತಾಯ ಬೇಕು. ಮಾಡೆಲ್‌ನಲ್ಲಿ ಶೇ 34 ಬಂತು ಅನ್ನಿ. ಮೊದಲ ಏಣಿಯಲ್ಲಿ 0.77 ಡಾಲರ್, ಒಟ್ಟು 18,480. ಎರಡನೆಯದರಲ್ಲಿ 4.05, ಒಟ್ಟು 97,200. ಇನ್ನೊಂದು ಮಿತಿಯೂ ಇದೆ: ದೀಪ, ಎಸಿ ಮತ್ತು ಬಿಸಿನೀರು, ಹೊರಮೈ (ಗೋಡೆ, ಗಾಜು, ಛಾವಣಿ) ಈ ಮೂರರಲ್ಲಿ ಇಂಧನ ಉಳಿಸುವ ಸಾಮಗ್ರಿಗೆ ನೀವು ಖರ್ಚು ಮಾಡಿದ್ದಕ್ಕಿಂತ ಹೆಚ್ಚು ಕಡಿತ ಇಲ್ಲ. ಹೊಸ ಕಟ್ಟಡದಲ್ಲಿ ಇದು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಮಾಳಿಗೆಯ ಸೋಲಾರ್ ಪ್ಯಾನೆಲ್ ಈ ಮೂರರಲ್ಲಿ ಯಾವುದರೊಳಗೂ ಬರುವುದಿಲ್ಲ, ಅದರ ಕ್ರೆಡಿಟ್ ಬೇರೆ ಸೆಕ್ಷನ್. ಕಂಪ್ಯೂಟರು, ದಂತವೈದ್ಯರ ಎಕ್ಸ್‌ರೇ ಯಂತ್ರ, ಕಂಪ್ರೆಸರ್ ಇವುಗಳ ಕರೆಂಟೂ ಶೇಕಡಾವಾರಿಗೆ ಸೇರುವುದಿಲ್ಲ.

ಐದು ಪಟ್ಟು ವ್ಯತ್ಯಾಸ ತರುವ ಆ ಕೂಲಿಯ ಷರತ್ತು ಎರಡು ತುಂಡು. ಒಂದು, ಈ ಸಾಮಗ್ರಿ ಅಳವಡಿಸುವ ಎಲೆಕ್ಟ್ರಿಷಿಯನ್, ಎಸಿ ಮೆಕ್ಯಾನಿಕ್, ಗಾಜು ಕೂರಿಸುವವರು, ಛಾವಣಿಯವರು, ಇನ್ಸುಲೇಷನ್‌ನವರು ಎಲ್ಲರಿಗೂ ನಿಮ್ಮ ಕೌಂಟಿಗೆ ಕಾರ್ಮಿಕ ಇಲಾಖೆ ನಿಗದಿ ಮಾಡಿದ ಕೂಲಿಗಿಂತ ಕಡಿಮೆ ಕೊಟ್ಟಿರಬಾರದು. ದರಪಟ್ಟಿ ಸ್ಯಾಮ್ ಡಾಟ್ ಗವ್ ತಾಣದಲ್ಲಿ ಸಿಗುತ್ತದೆ. ಕೌಂಟಿ ಆರಿಸಿ, ನಿರ್ಮಾಣದ ಬಗೆಯಲ್ಲಿ ‘ಬಿಲ್ಡಿಂಗ್’ ಎಂಬುದನ್ನೇ ಆರಿಸಿ. ಹೈವೇ ಪಟ್ಟಿ ತೆಗೆದು ಎಡವಿದವರಿದ್ದಾರೆ. ಎರಡು, 2024ರಿಂದೀಚೆಗೆ ಶುರುವಾದ ಕೆಲಸದಲ್ಲಿ ಒಟ್ಟು ಕೂಲಿ ಗಂಟೆಗಳ ಶೇ 15 ನೋಂದಾಯಿತ ಅಪ್ರೆಂಟಿಸ್‌ಗಳದ್ದಾಗಿರಬೇಕು, ನಾಲ್ಕು ಅಥವಾ ಹೆಚ್ಚು ಜನರನ್ನು ಹಚ್ಚಿದ ಪ್ರತಿ ಉಪಗುತ್ತಿಗೆದಾರರ ಬಳಿ ಒಬ್ಬರಾದರೂ ಅಪ್ರೆಂಟಿಸ್ ಇರಬೇಕು. ಅಪ್ರೆಂಟಿಸ್ ಸಿಗದಿದ್ದರೆ, ನೋಂದಾಯಿತ ತರಬೇತಿ ಕಾರ್ಯಕ್ರಮಕ್ಕೆ ಬರವಣಿಗೆಯಲ್ಲಿ ಕೇಳಿ, ಅವರು ಇಲ್ಲವೆಂದರೆ ಅಥವಾ ಐದು ಕೆಲಸದ ದಿನಗಳಲ್ಲಿ ಉತ್ತರಿಸದಿದ್ದರೆ ಅದು ಪ್ರಾಮಾಣಿಕ ಪ್ರಯತ್ನ ಎಂದು ಲೆಕ್ಕಕ್ಕೆ ಬರುತ್ತದೆ. ಫೋನಿನಲ್ಲಿ ಕೇಳಿದ್ದಕ್ಕೆ ಬೆಲೆ ಇಲ್ಲ.

ಕೆಡುವುದು ಸಾಮಾನ್ಯವಾಗಿ ಎಲ್ಲಿ? ಕೂಲಿಯ ಮೊತ್ತದಲ್ಲಿ ಅಪರೂಪ, ದಾಖಲೆಯಲ್ಲಿ ಪದೇ ಪದೇ. ಮುಖ್ಯ ಗುತ್ತಿಗೆದಾರರು ‘ನಾವು ಸರಿಯಾಗೇ ಕೊಟ್ಟಿದ್ದೇವೆ’ ಎಂದು ಒಂದು ಪತ್ರ ಬರೆದುಕೊಡುತ್ತಾರೆ. ಅವರ ಕೆಳಗಿನ ಡ್ರೈವಾಲ್‌ನವರೋ ಇನ್ಸುಲೇಷನ್‌ನವರೋ ನಗದು ಕೊಟ್ಟು, ಹೆಸರೂ ಗಂಟೆಯೂ ಬರೆಯದೆ ಹೋಗಿರುತ್ತಾರೆ. ಕಟ್ಟಡ ಮುಗಿದು ವರ್ಷವಾದ ಮೇಲೆ ಅವರನ್ನು ಹುಡುಕಿ ಲೆಕ್ಕ ಕೇಳುವುದು ಆಗದ ಮಾತು. ಕಾರ್ಮಿಕ ಇಲಾಖೆಯ ಡಬ್ಲ್ಯುಎಚ್-347 ಎಂಬ ವಾರದ ಪೇರೋಲ್ ಫಾರಂ ಇದೆ. ಈ ಕಡಿತಕ್ಕೆ ಅದು ಕಡ್ಡಾಯವಲ್ಲ, ಆದರೂ ಇನ್ನು ಮುಂದೆ ಬರುವ ಪ್ರತಿ ಉಪಗುತ್ತಿಗೆಯಲ್ಲೂ ‘ಈ ಫಾರಂ ತುಂಬಿ ಕೊಟ್ಟ ಮೇಲೆಯೇ ಆ ತಿಂಗಳ ಬಿಲ್ಲು ಪಾಸು’ ಎಂಬ ಸಾಲು ಸೇರಿಸಿ. ಕಾನೂನಿನ ಮಾತು ಸಾಮಗ್ರಿ ಅಳವಡಿಸುವವರ ಕೂಲಿಯ ಬಗ್ಗೆ ಇದ್ದರೂ, ಇಡೀ ಕಟ್ಟಡದ ಪೇರೋಲ್ ಇಟ್ಟುಕೊಳ್ಳುವುದೇ ಕ್ಷೇಮ. ಯಾರು ಯಾವುದನ್ನು ಕೂರಿಸಿದರು ಎಂದು ಆಮೇಲೆ ಬೇರ್ಪಡಿಸಲು ಕೂತರೆ ತಲೆ ಕೆಡುತ್ತದೆ.

ಇಂಧನ ಉಳಿತಾಯದ ಸರ್ಟಿಫಿಕೇಟ್ ಕೊಡುವವರು ಟೆಕ್ಸಾಸ್ ಲೈಸೆನ್ಸ್ ಇರುವ ಎಂಜಿನಿಯರ್ ಅಥವಾ ಗುತ್ತಿಗೆದಾರರಾಗಿರಬೇಕು, ನಿಮಗೆ ಸಂಬಂಧಪಟ್ಟವರಾಗಿರಬಾರದು. ಮಾಡೆಲ್ ಮಾಡುವ ಸಾಫ್ಟ್‌ವೇರ್ ಇಂಧನ ಇಲಾಖೆಯ ಅನುಮೋದಿತ ಪಟ್ಟಿಯಲ್ಲಿರಬೇಕು, ಅದರ ಆವೃತ್ತಿಯೂ ಸಹ. ಕಟ್ಟಡ ಮುಗಿದ ಮೇಲೆ ಅವರು ಸ್ಥಳಕ್ಕೆ ಬಂದು ನೋಡಲೇಬೇಕು. ಇಲ್ಲೊಂದು ಹಳೇ ಬೇನೆ ಇದೆ: ಮಾಡೆಲ್ ಮಾಡಿದ್ದು ಮೊದಲ ಡ್ರಾಯಿಂಗಿನ ಮೇಲೆ, ಅದರಲ್ಲಿ ದುಬಾರಿ ವಿಆರ್‌ಎಫ್ ಎಸಿ. ಬಜೆಟ್ ಮೀರಿದಾಗ ಅದನ್ನು ತೆಗೆದು ಸಾದಾ ರೂಫ್‌ಟಾಪ್ ಯೂನಿಟ್ ಹಾಕಿರುತ್ತಾರೆ. ಗಾಜಿನ ಕಂಪನಿ ಬದಲಾಗಿ ಬಿಸಿಲಿನ ಶಾಖ ಒಳಬಿಡುವ ಅಂಕಿ 0.25 ಇದ್ದದ್ದು 0.38 ಆಗಿರುತ್ತದೆ. ಮಾಡೆಲ್ ಮಾತ್ರ ಹಳೆಯದೇ. ಕೊನೆಯ ಸಬ್‌ಮಿಟಲ್ ಶೀಟುಗಳನ್ನು, ಅಂದರೆ ನಿಜಕ್ಕೂ ಬಂದು ಕೂತ ಯಂತ್ರದ ಮಾಡೆಲ್ ನಂಬರ್ ಇರುವ ಹಾಳೆಗಳನ್ನು, ಎಂಜಿನಿಯರಿಗೆ ಕೊಟ್ಟು ಮತ್ತೊಮ್ಮೆ ಓಡಿಸಲು ಹೇಳಿ. ಸರ್ಟಿಫಿಕೇಟನ್ನು ರಿಟರ್ನ್‌ಗೆ ಲಗತ್ತಿಸುವುದಿಲ್ಲ, ನಿಮ್ಮ ಬಳಿ ಇರಬೇಕು. ರಿಟರ್ನ್‌ಗೆ ಹೋಗುವುದು ಫಾರಂ 7205. ನಿಮ್ಮ ಎಲ್‌ಎಲ್‌ಸಿ ಪಾಲುದಾರಿಕೆಯ ರಿಟರ್ನ್ ಆದ ಫಾರಂ 1065ರ ಜೊತೆ ಅದನ್ನು ಸಲ್ಲಿಸುತ್ತದೆ, ಕಡಿತ ಕೆ-1 (ಪ್ರತಿ ಪಾಲುದಾರರ ಪಾಲು ತೋರಿಸುವ ಹಾಳೆ) ಮೂಲಕ ಮೂವರಿಗೂ ಹರಿಯುತ್ತದೆ.

ಕಡಿತ ಯಾರದು ಎಂಬುದೂ ಮುಖ್ಯ. ಯಾರ ಪುಸ್ತಕದಲ್ಲಿ ಆ ಖರ್ಚು ಆಸ್ತಿಯಾಗಿ ಕೂತಿದೆಯೋ ಅವರದು. ನೀವು ಬರೀ ಹೊರ ಕವಚ ಕಟ್ಟಿಕೊಟ್ಟು, ಒಳಗಿನ ದೀಪ, ಡಕ್ಟ್ ಎಲ್ಲ ಬಾಡಿಗೆದಾರರೇ ಅವರ ದುಡ್ಡಲ್ಲಿ ಹಾಕಿಸಿಕೊಂಡರೆ ಆ ಭಾಗ ಅವರಿಗೆ ಸೇರುತ್ತದೆ. ದಂತವೈದ್ಯ ಸ್ನೇಹಿತರ ಕ್ಲಿನಿಕ್ ಒಳಗಿನ ಕೆಲಸದ ಬಿಲ್ಲು ಎಲ್‌ಎಲ್‌ಸಿ ಹೆಸರಲ್ಲೋ ಅವರ ಪ್ರಾಕ್ಟೀಸ್ ಹೆಸರಲ್ಲೋ ಎಂದು ಈಗಲೇ ತೀರ್ಮಾನಿಸಿ.

ಇಷ್ಟೆಲ್ಲ ಆಗಿ 97,200 ಡಾಲರ್ ಕಡಿತ ಸಿಕ್ಕಿತು ಎನ್ನೋಣ. ನಿಜವಾಗಿ ಉಳಿದದ್ದೇನು?

ಶೇ 37ರ ಸ್ಲ್ಯಾಬಿನಲ್ಲಿ 97,200ಕ್ಕೆ 35,964 ಡಾಲರ್ ತೆರಿಗೆ. ಆದರೆ ಪಡೆದ ಕಡಿತದಷ್ಟೂ ಕಟ್ಟಡದ ಮೂಲವೆಚ್ಚದಿಂದ ಇಳಿಯುತ್ತದೆ. ಆ 97,200 ಇಲ್ಲದಿದ್ದರೂ ನಿಮಗೆ 39 ವರ್ಷದಲ್ಲಿ ಸವಕಳಿಯಾಗಿ, ವರ್ಷಕ್ಕೆ ಸುಮಾರು 2,492ರಂತೆ, ಬರುತ್ತಲೇ ಇತ್ತು. ಅಂದರೆ 179ಡಿ ನಿಮಗೆ ಕೊಡುವುದು ಹೊಸ ಹಣವಲ್ಲ, 39 ವರ್ಷದಲ್ಲಿ ಬರಬೇಕಿದ್ದುದರ ಮುಂಗಡ. ಇವತ್ತಿನ 35,964ಕ್ಕೆ ಬದಲಾಗಿ ಮುಂದೆ ವರ್ಷವರ್ಷ ಸುಮಾರು 922 ಡಾಲರ್ ತೆರಿಗೆ ಲಾಭ ಬಿಟ್ಟುಕೊಡುತ್ತೀರಿ. ಮುಂಗಡಕ್ಕೂ ಬೆಲೆ ಇದೆ, ಒಪ್ಪುತ್ತೇನೆ. ಆದರೆ ಹತ್ತು ವರ್ಷದಲ್ಲಿ ಕಟ್ಟಡ ಲಾಭಕ್ಕೆ ಮಾರಿದರೆ ಇನ್ನೊಂದು ಏಟು: ಈ ಕಡಿತದ ಮೊತ್ತವನ್ನು ಸೆಕ್ಷನ್ 1245ರಡಿ ಸಾಮಾನ್ಯ ಆದಾಯವಾಗಿ ಮರಳಿ ತೆರಿಗೆಗೆ ಹಚ್ಚುತ್ತಾರೆ. ಕಟ್ಟಡದ ಮಾಮೂಲಿ ನೇರ ಸವಕಳಿ ಆಗಿದ್ದರೆ ಅದರ ಮೇಲಿನ ದರ ಗರಿಷ್ಠ ಶೇ 25.

ಇದಕ್ಕಿಂತ ದೊಡ್ಡ ಅಡ್ಡಿ ಪಾಸಿವ್ ನಷ್ಟದ, ಅಂದರೆ ಬಾಡಿಗೆಯಂಥ ತಾವೇ ದುಡಿಯದ ವ್ಯವಹಾರದ ನಷ್ಟದ, ನಿಯಮ. ಬಾಡಿಗೆ ಕಟ್ಟಡದ ನಷ್ಟವನ್ನು ಸಂಬಳದಿಂದ ಕಳೆಯಲು ಬಿಡುವುದಿಲ್ಲ. 25,000 ಡಾಲರ್‌ವರೆಗೆ ಒಂದು ರಿಯಾಯಿತಿ ಇದೆ, ಅದು ಆದಾಯ 1,00,000 ದಾಟಿದ ಮೇಲೆ ಕರಗುತ್ತಾ 1,50,000ಕ್ಕೆ ಸೊನ್ನೆ. ಇಬ್ಬರು ಸಾಫ್ಟ್‌ವೇರ್ ಸಂಬಳದವರು ಅದರಾಚೆ ಇರುತ್ತೀರಿ ಅಂದುಕೊಂಡಿದ್ದೇನೆ. ವರ್ಷಕ್ಕೆ 750 ಗಂಟೆಗಿಂತ ಹೆಚ್ಚು, ಅದೂ ನಿಮ್ಮ ಒಟ್ಟು ದುಡಿಮೆಯ ಅರ್ಧಕ್ಕಿಂತ ಹೆಚ್ಚು, ರಿಯಲ್ ಎಸ್ಟೇಟ್‌ನಲ್ಲಿ ದುಡಿದರೆ ದಾರಿ ಬೇರೆ. ಪೂರ್ಣಾವಧಿ ಕೆಲಸದಲ್ಲಿರುವವರಿಗೆ ಅದು ಆಗದು. ಹೀಗಾಗಿ ನಿಮ್ಮಿಬ್ಬರ ಪಾಲಿನ ಕಡಿತ ಮೊದಲ ವರ್ಷ ಬಾಡಿಗೆ ಆದಾಯವನ್ನು ಮುಗಿಸಿ, ಉಳಿದದ್ದು ಮುಂದಿನ ವರ್ಷಗಳಿಗೆ ಕಾಯುತ್ತಾ ಕೂರುತ್ತದೆ. ದಂತವೈದ್ಯರು ತಮ್ಮದೇ ಪ್ರಾಕ್ಟೀಸಿಗೆ ಬಾಡಿಗೆ ಕೊಡುವುದರಿಂದ ಅವರ ಲೆಕ್ಕ ಇನ್ನೂ ಸೊಟ್ಟ: ಆ ಬಾಡಿಗೆಯ ಲಾಭ ಪಾಸಿವ್ ಅಲ್ಲ ಎಂದು ಎಣಿಸುತ್ತಾರೆ, ನಷ್ಟವಾದರೆ ಮಾತ್ರ ಪಾಸಿವ್. ನಾಣ್ಯ ಹೇಗೆ ಬಿದ್ದರೂ ಗೆಲುವು ತೆರಿಗೆ ಇಲಾಖೆಯದೇ ಅನ್ನುವಂಥ ನಿಯಮ.

ಇದರ ಜೊತೆಗೆ ನಿಮ್ಮ ಸಿಪಿಎ (ಲೆಕ್ಕಪರಿಶೋಧಕರು) ಕಾಸ್ಟ್ ಸೆಗ್ರಿಗೇಷನ್ ಮಾಡಿಸಿ, ಅಂದರೆ ಬೇಗ ಸವೆಯುವ ಭಾಗಗಳ ವೆಚ್ಚವನ್ನು ಕಟ್ಟಡದಿಂದ ಬೇರ್ಪಡಿಸಿ, ಪಾರ್ಕಿಂಗ್ ಅಂಗಳ, ಕಾರ್ಪೆಟ್, ಬೇಲಿ ಮುಂತಾದ 5 ಮತ್ತು 15 ವರ್ಷದ ಆಸ್ತಿಗಳಿಗೆ ಬೋನಸ್ ಸವಕಳಿ (ಮೊದಲ ವರ್ಷವೇ ಸಿಗುವ ಹೆಚ್ಚಿನ ಸವಕಳಿ) ಪಡೆಯುವ ಯೋಚನೆಯಲ್ಲಿರಬಹುದು. 2025ರ ಜನವರಿ 19ರ ನಂತರ ಕೊಂಡ ಅಂಥ ಆಸ್ತಿಗೆ ಅದು ಈಗ ಪೂರ್ತಿ ಶೇ 100. ಅದೊಂದರಿಂದಲೇ ಬಾಡಿಗೆ ಆದಾಯವೆಲ್ಲ ಮುಗಿದು ನಷ್ಟ ಕಾಯುವ ಸಾಲಿನಲ್ಲಿದ್ದರೆ, ಅದರ ಹಿಂದೆ 179ಡಿಯನ್ನೂ ನಿಲ್ಲಿಸುವುದಕ್ಕೆ ಎಂಜಿನಿಯರ್ ಫೀಸು, ಪೇರೋಲ್ ತಲೆನೋವು ಎಲ್ಲ ಖರ್ಚು ಮಾಡಿ ಮೊದಲ ಕೆಲ ವರ್ಷ ಸಿಗುವುದು ಏನೂ ಇಲ್ಲ. ಕ್ರಮ ಹೀಗಿರಲಿ: ಮೊದಲು ಸಿಪಿಎ ಮೂವರದೂ ಐದು ವರ್ಷದ ಪಾಸಿವ್ ಆದಾಯದ ಅಂದಾಜು ಹಾಕಲಿ. ಬಳಸಲು ಜಾಗ ಇದೆ ಎಂದಾದರೆ ಮಾತ್ರ ಎಂಜಿನಿಯರ್ ಕೈಯಲ್ಲಿ ಒಂದು ಪ್ರಾಥಮಿಕ ಮಾಡೆಲ್ ಮಾಡಿಸಿ. ಅದು ಶೇ 30ಕ್ಕಿಂತ ಕೆಳಗೆ ಬಂದರೆ ನನ್ನ ಮಟ್ಟಿಗೆ ಕೈಬಿಡುವುದೇ ಲೇಸು. ಕೊನೆಯ ಗಳಿಗೆಯ ಒಂದೆರಡು ಬದಲಾವಣೆ ಸಾಕು, 25ರ ಕೆಳಗೆ ಜಾರಲು. ಕನ್ಸಲ್ಟೆಂಟ್ ಫೀಸು ಕಡಿತದ ಮೇಲಿನ ಪರ್ಸೆಂಟ್ ಲೆಕ್ಕದಲ್ಲಿ ಬೇಡವೇ ಬೇಡ. ಅಂಕಿ ಹಿಗ್ಗಿದಷ್ಟೂ ಅವರಿಗೆ ಲಾಭ. ತಪಾಸಣೆ ಬಂದಾಗ ಉತ್ತರ ಕೊಡುವವರು ನೀವು. ಇಂತಿಷ್ಟು ಎಂದು ನಿಗದಿ ಮೊತ್ತಕ್ಕೆ ಮಾತಾಡಿ.

ಕನ್ನಡ ಸಂಘದ ಸಭಾಂಗಣದ ಕತೆ ಇದಕ್ಕೆ ಪೂರ್ತಿ ತಿರುಗುಮುರುಗು. 2022ರ ತಿದ್ದುಪಡಿಯ ಮುಂಚೆ ಸರ್ಕಾರಿ ಕಟ್ಟಡಗಳಿಗಷ್ಟೇ ಇದ್ದ ಒಂದು ಅವಕಾಶ ಈಗ ತೆರಿಗೆ ವಿನಾಯಿತಿ ಇರುವ ಸಂಘ, ದೇವಸ್ಥಾನ, ಶಾಲೆಗಳಿಗೂ ಇದೆ: ತನಗೆ ಉಪಯೋಗವಿಲ್ಲದ ಕಡಿತವನ್ನು ಸಂಘ ಆ ಕಟ್ಟಡದ ವಿನ್ಯಾಸಕಾರರಿಗೆ ಬರೆದುಕೊಡಬಹುದು. ವಿನ್ಯಾಸಕಾರರ ಬಳಿ ಕಟ್ಟಡವೇ ಇಲ್ಲವಾದ್ದರಿಂದ ಇಳಿಸಲು ಮೂಲವೆಚ್ಚವೂ ಇಲ್ಲ. ನಿಮಗೆ ಮುಂಗಡವಾದದ್ದು ಅವರಿಗೆ ನಿಜವಾದ ಉಳಿತಾಯ. ವಿನ್ಯಾಸಕಾರರು ಅಂದರೆ ಇಂಧನ ಉಳಿಸುವ ಭಾಗದ ತಾಂತ್ರಿಕ ವಿವರಣೆ ತಯಾರಿಸಿದ ವಾಸ್ತುಶಿಲ್ಪಿ, ಎಂಜಿನಿಯರ್ ಅಥವಾ ವಿನ್ಯಾಸವನ್ನೂ ಮಾಡಿದ ಗುತ್ತಿಗೆದಾರರು. ಬೇರೆಯವರು ಬರೆದುಕೊಟ್ಟಂತೆ ಎಸಿ ಕೂರಿಸಿದವರು ಅಥವಾ ರಿಪೇರಿ ಮಾಡಿದವರು ಅಲ್ಲ.

ಸಂಘಕ್ಕೆ ನಗದು ಬರುವುದಿಲ್ಲ. ಆದರೆ ಆ ಬರವಣಿಗೆಗೆ ಸಂಘದ ಸಹಿ ಬೇಕು, ಸಹಿ ಹಾಕಲೇಬೇಕೆಂಬ ಕಡ್ಡಾಯವಿಲ್ಲ. ವಿನ್ಯಾಸದ ಫೀಸು ಮಾತಾಡುವಾಗಲೇ ಈ ವಿಷಯ ಎತ್ತಿದ್ದರೆ ಅದು ನಿಮ್ಮ ಕೈಯಲ್ಲಿರುವ ಸಾಧನ. ಕರಾರು ಮುಗಿದಿದ್ದರೂ, ಇನ್ನೂ ಬಾಕಿ ಇರುವ ಕೆಲಸಕ್ಕೆ ಕೇಳಿ ನೋಡಬಹುದು. ಪತ್ರದಲ್ಲಿ ಎರಡೂ ಕಡೆಯ ಅಧಿಕೃತ ವ್ಯಕ್ತಿಯ ಹೆಸರು, ವಿಳಾಸ, ಫೋನ್, ಕಟ್ಟಡದ ವಿಳಾಸ, ಸಾಮಗ್ರಿಯ ವೆಚ್ಚ, ಬಳಕೆಗೆ ಬಂದ ದಿನ, ಬರೆದುಕೊಟ್ಟ ಮೊತ್ತ, ಇಬ್ಬರ ಸಹಿ ಇರಬೇಕು. ಸುಳ್ಳಾದರೆ ಶಿಕ್ಷೆಗೆ ಒಳಪಡುವ ಘೋಷಣೆ ಅದು. ಆದ್ದರಿಂದ ಅಧ್ಯಕ್ಷರು ಊಟದ ಹಾಲ್‌ನಲ್ಲಿ ನಿಂತುಕೊಂಡು ಸಹಿ ಹಾಕಿಕೊಡುವ ಕಾಗದವಲ್ಲ. ಕಾರ್ಯಕಾರಿ ಸಮಿತಿಯ ನಿರ್ಣಯ ಮಾಡಿಸಿ. ಸಭಾಂಗಣ 2027ರಲ್ಲಿ ಮುಗಿದರೆ ಅದಕ್ಕೂ 2019ರ ಮಾನದಂಡವೇ. ಕೂಲಿಯ ಷರತ್ತೂ ಅದೇ. ಪೇರೋಲ್ ದಾಖಲೆ ಸಂಘದ ಗುತ್ತಿಗೆದಾರರಿಂದ ಬರಬೇಕಾದದ್ದು. ಅದನ್ನು ಈಗಲೇ ಕರಾರಿನಲ್ಲಿ ಬರೆಸದಿದ್ದರೆ ವಿನ್ಯಾಸಕಾರರಿಗೆ ಬರೆದುಕೊಡುವ ಕಡಿತವೂ ಚದರಡಿಗೆ 1.19 ಡಾಲರ್ ಒಳಗೇ ನಿಲ್ಲುತ್ತದೆ.